ಹಾಡಿದ ಕವಿತೆಗೆ ವಿಮರ್ಶೆಯ ಕಿವಿ

ಸಿನಿಮಾದ ಆಚೆಗೆ ಕನ್ನಡಿಗರು ಕೇಳಿ, ಗುನುಗಿ, ತಮ್ಮದಾಗಿಸಿಕೊಂಡ ಹಾಡಿಗೆ ಸುಗಮ ಸಂಗೀತವೆಂದೂ ಭಾವಗೀತೆಯೆಂದೂ ಹೆಸರು. ಕವಿತೆ ಮೊದಲು ಪುಸ್ತಕದಲ್ಲಿ ಅಚ್ಚಾಗುತ್ತದೆ. ಆಮೇಲೆ ರಾಗ ಸಂಯೋಜಕರ ಕೈಗೆ ಬಂದು, ಗಾಯಕರ ಕಂಠದಿಂದ ಜನರನ್ನು ಮುಟ್ಟುತ್ತದೆ. ಹೀಗೆ ಎರಡು ಕಲೆಗಳ ನಡುವೆ ಹುಟ್ಟಿದ್ದರಿಂದ ಇದರ ಮೇಲೆ ತೀರ್ಪು ಕೊಡಲು ಸಾಹಿತ್ಯ ವಿಮರ್ಶಕರೂ ಬಂದರು, ಸಂಗೀತ ವಿಮರ್ಶಕರೂ ಬಂದರು. ಇಬ್ಬರಿಗೂ ಮೊದಲೇ ತೀರ್ಪು ಕೊಟ್ಟವರು ಕೇಳುಗರು. ಪಿ. ಕಾಳಿಂಗರಾಯರಿಂದ ರಘು ದೀಕ್ಷಿತ್‌ವರೆಗೆ ಈ ಹಾಡುಗಳಿಗೆ ಸಿಕ್ಕ ಪ್ರತಿಕ್ರಿಯೆಯನ್ನು ಗಮನಿಸಿದರೆ ಒಂದು ಅಂಶ ಎದ್ದು ಕಾಣುತ್ತದೆ: ಕನ್ನಡದ ವಿಮರ್ಶೆ ಹಾಡಿನ ಮಾತನ್ನು ಚೆನ್ನಾಗಿ ತೂಗಿದೆ, ಹಾಡಿದ ದನಿಯನ್ನು ಅಷ್ಟು ಚೆನ್ನಾಗಿ ತೂಗಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಡೆಯಿಂದ ನೋಡಿದಾಗ ಈ ಕೊರತೆ ಇನ್ನೂ ನಿಚ್ಚಳವಾಗುತ್ತದೆ.

ಆ ಸೀಮೆಯ ಹೆಸರನ್ನು ಇಲ್ಲಿ ತರಲು ಕಾರಣವಿದೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗ ಕಾವ್ಯವಲ್ಲ, ಕಾವ್ಯವನ್ನು ಹೇಗೆ ಅಳೆಯಬೇಕೆಂದು ಹೇಳುವ ಲಕ್ಷಣಗ್ರಂಥ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಇದನ್ನು ರಚಿಸಿದ. ರಾಜಧಾನಿ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಕೋಟೆಯ ಗೋಡೆಗಳು ಈಗಲೂ ಅಲ್ಲಿ ನಿಂತಿವೆ. ಗ್ರಂಥದಲ್ಲಿ ಚತ್ತಾಣ, ಬೆದಂಡೆ ಎಂಬ ಎರಡು ದೇಶೀ ಪ್ರಕಾರಗಳ ಪ್ರಸ್ತಾಪ ಬರುತ್ತದೆ. ಇವು ಹಾಡುಗಬ್ಬಗಳೆಂದು ವಿದ್ವಾಂಸರು ಭಾವಿಸಿದ್ದಾರೆ. ಅಕ್ಷರ ಕಲಿಯದೆಯೂ ಕಾವ್ಯದಲ್ಲಿ ಪಳಗಿದ ಜನ ಈ ನಾಡಿನವರೆಂದು ಶ್ರೀವಿಜಯ ಮೆಚ್ಚಿ ನುಡಿದಿದ್ದಾನೆ. ಸಣ್ಣ ಮಕ್ಕಳಲ್ಲೂ ವಿವೇಕವಿದೆ ಎಂದಿದ್ದಾನೆ. ಓದು ಬಾರದ ಕೇಳುಗರೂ ಒಳ್ಳೆಯದು ಕೆಟ್ಟದ್ದನ್ನು ಬಲ್ಲರು ಎಂಬ ಮಾತಿನಿಂದ ಒಂದು ಭಾಷೆಯ ವಿಮರ್ಶೆ ಶುರುವಾಗುವುದು ಸಣ್ಣ ಸಂಗತಿಯಲ್ಲ. ಸಾವಿರ ವರ್ಷಗಳ ನಂತರ ಧ್ವನಿಸುರುಳಿಗಳ ಕಾಲದಲ್ಲಿ ಆ ಮಾತನ್ನು ಪರೀಕ್ಷಿಸುವ ಸಂದರ್ಭ ಮತ್ತೆ ಬಂತು.

ಆಧುನಿಕ ಕವಿತೆಯನ್ನು ವೇದಿಕೆಯ ಮೇಲೆ ಹಾಡಿ ಜನರ ನಾಲಿಗೆಗೆ ತಂದವರಲ್ಲಿ ಮೊದಲಿಗರು ಕಾಳಿಂಗರಾಯರು (1914–1981). ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಅವರು ಊರೂರು ಸುತ್ತಿ ಹಾಡಿದರು. ಅವರ ಹಿಂದೆಯೇ ಮೈಸೂರು ಅನಂತಸ್ವಾಮಿ (1936–1995) ಬಂದರು. 1978ರಲ್ಲಿ ಅವರು ರಾಗ ಹಾಕಿದ ಕೆ.ಎಸ್. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಗ್ಗಳಿಕೆ ಅದರದು.

ಕ್ಯಾಸೆಟ್ಟು ಬಂದ ಮೇಲೆ ವಿಮರ್ಶೆಯ ಸ್ವರೂಪವೇ ಬದಲಾಗಬೇಕಿತ್ತು. ಕಛೇರಿಯಲ್ಲಿ ಕೇಳಿದ ಹಾಡು ಆ ರಾತ್ರಿಗೇ ಮುಗಿಯುತ್ತದೆ, ವಿಮರ್ಶಕರು ನೆನಪಿನಿಂದ ಬರೆಯಬೇಕು. ಕ್ಯಾಸೆಟ್ಟಿನ ಹಾಡು ಹಾಗಲ್ಲ. ಅದೇ ಉಸಿರು, ಅದೇ ತಿರುವು ನೂರು ಸಲ ಕೇಳಲು ಸಿಗುತ್ತದೆ. ಪದ್ಯವನ್ನು ಸಾಲುಸಾಲಾಗಿ ಓದುವಂತೆ ಗಾಯನವನ್ನೂ ಸಾಲುಸಾಲಾಗಿ ಕೇಳಿ ಬರೆಯಬಹುದಿತ್ತು. ಆ ಕೆಲಸ ಆಗಿದ್ದು ಕಡಿಮೆ. ಶಾಸ್ತ್ರೀಯ ಸಂಗೀತಕ್ಕೆ ಬಿ.ವಿ.ಕೆ. ಶಾಸ್ತ್ರಿಯಂಥ ನುರಿತ ವಿಮರ್ಶಕರಿದ್ದರು. ಕಾವ್ಯಕ್ಕಂತೂ ದೊಡ್ಡ ವಿಮರ್ಶಾ ಪರಂಪರೆಯೇ ಇತ್ತು. ಹಾಡಿದ ಕವಿತೆಯ ಪಾಲಿಗೆ ಬಂದದ್ದು ಹೆಚ್ಚಾಗಿ ಕಾರ್ಯಕ್ರಮದ ವರದಿ, ಅಭಿನಂದನೆ, ಇಲ್ಲವೇ ಒಂದು ಸಾಲಿನ ತಿರಸ್ಕಾರ.

ತಿರಸ್ಕಾರಕ್ಕೆ ಎರಡು ಮೂಲಗಳಿದ್ದವು. ರಾಗದ ವಿಸ್ತಾರವಿಲ್ಲ, ಮನೋಧರ್ಮಕ್ಕೆ ಜಾಗವಿಲ್ಲ, ಪಲ್ಲವಿ ಚರಣ ಮುಗಿದರೆ ಹಾಡೇ ಮುಗಿಯಿತು ಎನ್ನುವುದು ಶಾಸ್ತ್ರೀಯರ ಆಕ್ಷೇಪ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದರೆ ತಲೆದೂಗಿದ ರಸಿಕರೇ ಭಾವಗೀತೆಯ ಗಾಯಕರು ಹಾಡಿದಾಗ ‘ಲಘು’ ಎಂದು ಬದಿಗಿಟ್ಟ ಉದಾಹರಣೆಗಳಿವೆ. ಸಾಹಿತ್ಯದವರ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಂದು ಕವಿತೆಗೆ ಹಲವು ಅರ್ಥದ ಪದರಗಳಿರುತ್ತವೆ. ರಾಗ ಅದರಲ್ಲಿ ಒಂದನ್ನು ಹಿಡಿದು ಉಳಿದವನ್ನು ಮುಚ್ಚಿಬಿಡುತ್ತದೆ. ವ್ಯಂಗ್ಯ, ವಿಷಾದ, ಅನುಮಾನಗಳೆಲ್ಲ ಇಂಪಿನಲ್ಲಿ ಕರಗಿಹೋಗುತ್ತವೆ. ಸುಲಭವಾಗಿ ಹಾಡಲು ಬರುವ ಕವಿತೆಗಳಷ್ಟೇ ಉಳಿದು, ಕಷ್ಟದವು ಮರೆಗೆ ಸರಿಯುತ್ತವೆ.

ಈ ವಾದಕ್ಕೆ ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ ಒಳ್ಳೆಯ ಸಾಕ್ಷಿ. ಅಡಿಗರು ನವ್ಯಕಾವ್ಯದ ನಾಯಕರು. 1954ರ ‘ಚಂಡೆಮದ್ದಳೆ’ಯಿಂದ ಕನ್ನಡ ಕಾವ್ಯದ ದಾರಿಯೇ ತಿರುಗಿತು. ಆದರೆ ಲಕ್ಷಾಂತರ ಕೇಳುಗರಿಗೆ ಅವರು ಗೊತ್ತಿರುವುದು ಆ ತಿರುವಿಗೂ ಮುಂಚಿನ, ಹಂಬಲ ತುಂಬಿದ ಈ ಗೀತೆಯಿಂದ. ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನದ ‘ಅಮೆರಿಕಾ ಅಮೆರಿಕಾ’ ಚಿತ್ರಕ್ಕೆ ಮನೋಮೂರ್ತಿ ಇದನ್ನು ಸಂಯೋಜಿಸಿದರು. ರಾಜು ಅನಂತಸ್ವಾಮಿ, ಸಂಗೀತಾ ಕಟ್ಟಿ ಹಾಡಿದರು. ಕವಿ ತಾನೇ ದಾಟಿಹೋದ ಹಂತದಲ್ಲಿ ಜನ ಅವರನ್ನು ನಿಲ್ಲಿಸಿಬಿಟ್ಟರು ಎಂಬ ಸಾಹಿತ್ಯಾಸಕ್ತರ ಕೊರಗಿನಲ್ಲಿ ಹುರುಳಿದೆ. ಇನ್ನೊಂದು ಮಗ್ಗುಲೂ ಇದೆ. ಊರು ಬಿಟ್ಟು ದೂರ ಹೋದವರ ಕಥೆಯೊಳಗೆ ಕೂತಾಗ ಆ ಗೀತೆಗೆ ಅಡಿಗರ ಪುಸ್ತಕದಲ್ಲಿಲ್ಲದ ಒಂದು ಅರ್ಥ ಬಂತು. ಕರೆಯುವುದು ಅಲೌಕಿಕವೋ, ಕಡಲಾಚೆಯ ದೇಶವೋ, ಬಿಟ್ಟುಬಂದ ಮನೆಯೋ ಎಂಬ ಪ್ರಶ್ನೆ ಎದ್ದಿತು. ರಾಗ ಅರ್ಥವನ್ನು ಕಿರಿದಾಗಿಸುತ್ತದೆ ಎನ್ನುವವರು ಇಲ್ಲಿ ಅದು ಅರ್ಥವನ್ನು ಹೆಚ್ಚಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಡೀ ಚರ್ಚೆಯಲ್ಲಿ ಹೆಚ್ಚು ಫಲವತ್ತಾದ ಪ್ರಕರಣ ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಷರೀಫರದು. ಷರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು, ಕಳಸದ ಗುರು ಗೋವಿಂದಭಟ್ಟರ ಶಿಷ್ಯರು. ಅವರ ತತ್ವಪದಗಳು ಭಜನಾ ಮೇಳಗಳ ಬಾಯಲ್ಲಿ ಉಳಿದಿದ್ದವು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತ, ಹಿಂದೂಸ್ತಾನಿ ಸಂಗೀತದ ತಾಲೀಮು ಪಡೆದಿದ್ದ ಅಶ್ವತ್ಥ್ (1939–2009) ಅವನ್ನು ಹೊಸ ವಾದ್ಯವೃಂದದೊಡನೆ ಹಾಡಿ ನಗರದ ಮನೆಗಳಿಗೆ ತಲುಪಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದಾಗ ಸಂಗೀತ ಅವರದೇ. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಸಂದಿತು.

‘ಕೋಡಗನ ಕೋಳಿ ನುಂಗಿತ್ತ’ ಪದವನ್ನೇ ಹತ್ತಿರದಿಂದ ನೋಡೋಣ. ಸಣ್ಣದು ದೊಡ್ಡದನ್ನು ನುಂಗುವ, ವಸ್ತು ತನ್ನನ್ನು ಬಳಸುವವರನ್ನೇ ನುಂಗುವ ಚಿತ್ರಗಳು ಇಲ್ಲಿ ಒಂದರ ಹಿಂದೊಂದು ಬರುತ್ತವೆ. ಹೆಚ್ಚಿನವು ಅಡುಗೆಮನೆ, ಹಿತ್ತಿಲು, ಮಗ್ಗದ ಸುತ್ತಲಿನ ದಿನನಿತ್ಯದ ಸಾಮಾನುಗಳು. ಕೇಳುವವರಿಗೆ ಮೊದಲು ನಗು ಬರುತ್ತದೆ. ಕೊನೆಯ ನುಡಿಯಲ್ಲಿ ಗುರುವಿನ ಪಾದ ಶಿಷ್ಯನನ್ನೇ ನುಂಗಿದಾಗ ಹಿಂದಿನ ಎಲ್ಲ ನುಂಗಾಟಕ್ಕೂ ಬೇರೆ ಬೆಳಕು ಬೀಳುತ್ತದೆ. ಅಲ್ಲಮನ ಬೆಡಗಿನ ವಚನಗಳನ್ನು ಬಲ್ಲವರಿಗೆ ಈ ದಾರಿ ಹೊಸದಲ್ಲ. ಗಾಯಕರ ಮುಂದಿರುವ ಸವಾಲು ಸ್ಪಷ್ಟ: ನಗುವನ್ನು ಎಷ್ಟು ದೂರ ಎಳೆಯಬೇಕು, ಕೊನೆಯ ನುಡಿಯ ಹೊತ್ತಿಗೆ ಅದನ್ನು ಹೇಗೆ ಇಳಿಸಬೇಕು?

ಅಶ್ವತ್ಥ್ ತೆರೆದ ಕಂಠದಿಂದ, ಏರುದನಿಯಲ್ಲಿ, ನಾಟಕದ ಪಾತ್ರಧಾರಿಯ ಹುರುಪಿನಲ್ಲಿ ಹಾಡಿದರು. ಪ್ರತಿಕ್ರಿಯೆ ಎರಡಾಗಿ ಸೀಳಿತು. ಸತ್ತಂತಿದ್ದ ಮಾತಿಗೆ ಜೀವ ಬಂತು, ಷರೀಫರು ಮನೆಮಾತಾದರು ಎಂದವರು ಬಹಳ. ಅಬ್ಬರ ಹೆಚ್ಚಾಯಿತು, ಒಳಗಣ್ಣಿನ ಪದ ಜಾತ್ರೆಯ ಹಾಡಾಯಿತು ಎಂದವರೂ ಇದ್ದರು. ಎರಡನೆಯ ಟೀಕೆಯಲ್ಲಿ ಸತ್ಯಾಂಶವಿದೆ. ಲಯದ ಓಟ ಎಲ್ಲ ನುಡಿಗಳಿಗೂ ಸಮನಾಗಿ ಹಂಚಿಹೋದಾಗ ಕೊನೆಯ ನುಡಿಗೆ ಬೇಕಾದ ತಡೆ ಸಿಗುವುದಿಲ್ಲ. ಆದರೆ ಈ ಟೀಕೆ ಬಹುತೇಕ ಮಾತಿನಲ್ಲೇ ಉಳಿಯಿತು. ಲಯ ಎಲ್ಲಿ ಬಿಗಿಯಾಗಿದೆ, ದನಿ ಎಲ್ಲಿ ಒರಟಾಗಿದೆ, ಹಿಮ್ಮೇಳ ಯಾವ ಸಾಲನ್ನು ಮುಚ್ಚಿದೆ ಎಂದು ಬೆರಳಿಟ್ಟು ತೋರಿಸುವ ಬರಹಗಳು ವಿರಳ. ಅಶ್ವತ್ಥರ ಪರವಾಗಿಯೂ ಇದನ್ನೇ ಹೇಳಬೇಕು. ಅವರ ಕಂಠದ ಬಿರುಸು ಒಂದು ಆಯ್ಕೆ, ಅದು ಮಾತನ್ನು ಕೇಳುಗರ ಕಿವಿಗೆ ಸ್ಫುಟವಾಗಿ ನಾಟಿಸಲು ಮಾಡಿದ ಆಯ್ಕೆ ಎಂಬುದನ್ನು ವಿವರಿಸಿ ಮೆಚ್ಚಿದವರೂ ಕಡಿಮೆಯೇ.

ಇಲ್ಲಿಯೇ ಕಲಬುರಗಿ ಸೀಮೆಯ ಕಿವಿ ನೆರವಿಗೆ ಬರುತ್ತದೆ. ಕಡಕೋಳ ಮಡಿವಾಳಪ್ಪನವರ ಶಿಷ್ಯ ಪರಂಪರೆ ಈ ಭಾಗದಲ್ಲಿ ತತ್ವಪದಗಳನ್ನು ಊರೂರಿಗೆ ಹರಡಿತು. ಚನ್ನೂರ ಜಲಾಲಸಾಬರಂಥ ಮುಸ್ಲಿಂ ಪದಕಾರರೂ ಆ ಪರಂಪರೆಯವರು. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳು, ಖ್ವಾಜಾ ಬಂದೇನವಾಜರ ದರ್ಗಾದ ಕವ್ವಾಲಿ, ಲಂಬಾಣಿ ತಾಂಡಾಗಳ ಹಾಡು, ಗಡಿಯಾಚೆಯ ತೆಲುಗು ಪದ ಎಲ್ಲವೂ ಸೇರಿ ಇಲ್ಲಿನ ಕೇಳುಗರ ರುಚಿ ರೂಪುಗೊಂಡಿದೆ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದನ್ನು ವಾಡಿಗೆ ಜೋಡಿಸಿತು. ಚಿತ್ತಾಪುರ, ಸೇಡಂ ಆ ಹಳಿಯ ಮೇಲೆಯೇ ಇವೆ. ಮುಂದೆ ಶಹಾಬಾದಿನ ಕಲ್ಲಿನ ಗಣಿಗಳಿಗೂ ಸಿಮೆಂಟ್ ಕಾರ್ಖಾನೆಗಳಿಗೂ ಹಲವು ಭಾಷೆಯ ಕೆಲಸಗಾರರು ಬಂದರು. 1948ರವರೆಗೆ ಇಲ್ಲಿನ ನಿಜಾಮರ ಆಡಳಿತದ ಭಾಷೆ ಉರ್ದು. ಅಚ್ಚಿನ ಕನ್ನಡ ವಿಮರ್ಶೆಗೆ ಅವಕಾಶ ಕಡಿಮೆಯಿದ್ದ ಈ ನೆಲದಲ್ಲಿ ಹಾಡಿನ ತೀರ್ಮಾನ ಆಗುತ್ತಿದ್ದದ್ದು ಭಜನೆಯ ಕಟ್ಟೆಯಲ್ಲಿ.

ಅಮಾವಾಸ್ಯೆಯ ಭಜನೆಯಲ್ಲಿ ಹಾಡು ನಡೆಯುವ ರೀತಿಯೇ ಬೇರೆ. ಒಬ್ಬರು ನುಡಿ ಎತ್ತುತ್ತಾರೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಏಕತಾರಿ, ದಮ್ಮಡಿ, ತಾಳ, ಚಿಟಿಕೆ, ಜೊತೆಗೊಂದು ಹಾರ್ಮೋನಿಯಂ ಇದ್ದರೆ ಸಾಕು. ಒಂದು ಪದ ಹಿಡಿಸದಿದ್ದರೆ ಪಲ್ಲವಿಯ ದನಿ ತೆಳುವಾಗುತ್ತದೆ. ಹಿಡಿಸಿದರೆ ಅದೇ ನುಡಿಗೆ ಮತ್ತೆ ಮತ್ತೆ ತಿರುಗುತ್ತಾರೆ. ನಡುವೆ ಹಾಡು ನಿಲ್ಲಿಸಿ ಒಡಪಿನಂಥ ಸಾಲಿನ ಅರ್ಥ ಬಿಡಿಸುವುದೂ ಉಂಟು. ಅರ್ಥ ಹೇಳಿದ ಮೇಲೆ ಅದೇ ಸಾಲನ್ನು ಹಾಡಿದರೆ ಕೇಳುವವರಿಗೆ ಅದು ಬೇರೆಯಾಗಿಯೇ ಕೇಳುತ್ತದೆ. ಹಾಡುವುದು, ಅರ್ಥೈಸುವುದು, ಬೆಲೆಕಟ್ಟುವುದು ಮೂರೂ ಒಂದೇ ಕೂಟದಲ್ಲಿ ನಡೆಯುವ ಇಂಥ ವ್ಯವಸ್ಥೆ ಸುಗಮ ಸಂಗೀತದ ವೇದಿಕೆಗೆ ದಕ್ಕಿಲ್ಲ. ಅಲ್ಲಿ ಕೇಳುಗರಿಗೆ ಚಪ್ಪಾಳೆ ಮಾತ್ರ ಉಳಿದಿದೆ. ಷರೀಫರ ಪದವನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಮೆಚ್ಚಿದವರು ಒಮ್ಮೆ ಭಜನೆಯಲ್ಲೂ ಕೂತು ಕೇಳಬೇಕು. ಯಾವುದು ಮೇಲು ಎಂದು ತೀರ್ಮಾನಿಸಲು ಅಲ್ಲ, ಕ್ಯಾಸೆಟ್ಟಿನ ಗಾಯನದಲ್ಲಿ ಏನು ಸೇರಿತು, ಏನು ಬಿಟ್ಟುಹೋಯಿತು ಎಂದು ತಿಳಿಯಲು.

ಸಂಸ್ಥೆಗಳು ಈ ಎರಡು ಗಾಯನಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿವೆ. ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1966ರಲ್ಲಿ. ಆಗ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ 1940ರಿಂದ ಹೇರಿದ್ದ ನಿಷೇಧ ಇನ್ನೂ ಜಾರಿಯಲ್ಲಿತ್ತು. ಅದು ಸಡಿಲವಾದದ್ದು 1970ರ ದಶಕದಲ್ಲಿ. ಭಜನಾ ಮೇಳದ ಬೆನ್ನೆಲುಬಾದ ವಾದ್ಯಕ್ಕೇ ಬಾಗಿಲು ಮುಚ್ಚಿತ್ತು. ಧ್ವನಿಪರೀಕ್ಷೆ ಮಾಡಿ ಗಾಯಕರಿಗೆ ಶ್ರೇಣಿ ಕೊಡುವ ಆಕಾಶವಾಣಿಯ ಪದ್ಧತಿ ಸುಗಮ ಸಂಗೀತಕ್ಕೆ ಒಂದು ಶಿಸ್ತು ತಂದುಕೊಟ್ಟಿತು ಎಂಬುದು ನಿಜ. ಆದರೆ ಆ ಅಳತೆ ತಿದ್ದಿದ ಕಂಠಕ್ಕೆ ಒಪ್ಪುವಂಥದು, ಹೊಲದಲ್ಲಿ ದುಡಿದು ಬಂದು ರಾತ್ರಿಯಿಡೀ ಹಾಡುವ ಕಂಠಕ್ಕಲ್ಲ. ರಾಜ್ಯ ಸರ್ಕಾರ ಸುಗಮ ಸಂಗೀತದ ಸಾಧಕರಿಗೆ ಕೊಡುವ ಪ್ರಶಸ್ತಿಗೆ ಸಂತ ಶಿಶುನಾಳ ಷರೀಫರದೇ ಹೆಸರಿದೆ. ಷರೀಫರಂತೆಯೇ ತತ್ವಪದ ಹಾಡುವ ಹಳ್ಳಿಯ ಗಾಯಕರನ್ನು ಗುರುತಿಸುವುದು ಮಾತ್ರ ಜಾನಪದ ಅಕಾಡೆಮಿಯ ಪಾಲಿಗೆ ಬರುತ್ತದೆ. ತತ್ವಪದಗಳ ಸಾಹಿತ್ಯಕ್ಕೆ ಈಚೆಗೆ ನ್ಯಾಯ ಸಿಗುತ್ತಿದೆ. ಕಲಬುರಗಿಯ ಮೀನಾಕ್ಷಿ ಬಾಳಿಯವರ ಸಂಶೋಧನೆ, ಕನಕದಾಸ ಅಧ್ಯಯನ ಕೇಂದ್ರ ಹೊರತಂದ ತತ್ವಪದ ಸಂಪುಟಗಳು ದೊಡ್ಡ ಕೆಲಸ ಮಾಡಿವೆ. ಪಠ್ಯ ಅಚ್ಚಾಯಿತು. ಗಾಯನ ಇನ್ನೂ ಕಾಯುತ್ತಿದೆ.

ಪ್ರಶಸ್ತಿಗಳೂ ವಿಮರ್ಶೆಯ ಒಂದು ರೂಪವೇ. ಶಿವಮೊಗ್ಗ ಸುಬ್ಬಣ್ಣ (1938–2022) ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಶೀರ್ಷಿಕೆ ಗೀತೆಗೆ ಅವರು 1978ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಅದು ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ಗೌರವ. ಅಲ್ಲಿ ತೀರ್ಪುಗಾರರು ದನಿಯನ್ನು ಕೇಳಿದರು. 1991ರ ಸಾಲಿನಲ್ಲಿ ‘ಮೈಸೂರ ಮಲ್ಲಿಗೆ’ ಚಿತ್ರಕ್ಕಾಗಿ ಕೆ.ಎಸ್. ನರಸಿಂಹಸ್ವಾಮಿಯವರಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಆ ಹೆಸರಿನ ಕವನ ಸಂಕಲನ ಪ್ರಕಟವಾದದ್ದು 1942ರಲ್ಲಿ. ಅರ್ಧ ಶತಮಾನ ಪುಸ್ತಕದಲ್ಲೂ ವೇದಿಕೆಯಲ್ಲೂ ಬಾಳಿದ ಕವಿತೆಗಳಿಗೆ ಸಿನಿಮಾದ ದಾರಿಯಿಂದ ಪ್ರಶಸ್ತಿ ಬಂದದ್ದು ಸಂತೋಷದ ಸಂಗತಿ. ಅಲ್ಲಿ ತೀರ್ಪುಗಾರರು ಮಾತನ್ನು ಓದಿದರು. ಮಾತು ಮತ್ತು ದನಿ ಕೂಡಿ ಏನಾಯಿತು ಎಂದು ಕೇಳುವ ಪ್ರಶಸ್ತಿಯ ವಿಭಾಗ ಇವೆರಡರ ನಡುವೆ ಇರಲಿಲ್ಲ.

ಕನ್ನಡದಲ್ಲಿ ಒಂದು ರಾಗ ಸಂಯೋಜನೆಯ ಗುಣದೋಷ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂಬ ವಾದ ಮುಂದೆ ವರ್ಷಗಟ್ಟಲೆ ನಡೆಯಿತು. ವಿದುಷಿ ಎಚ್.ಆರ್. ಲೀಲಾವತಿ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. ವಿಚಾರಣೆಯ ವೇಳೆ ನ್ಯಾಯಾಲಯದಲ್ಲೇ ಗೀತೆಯನ್ನು ಹಾಡಿ ತೋರಿಸಲಾಯಿತು. 2024ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ಧಾಟಿಯ ಬಗ್ಗೆ ನಾಡಿನ ಜನ ಇಷ್ಟು ಕಾಳಜಿಯಿಂದ ವಾದಿಸಿದರು ಎಂಬುದು ಹೆಮ್ಮೆಯ ವಿಷಯ. ಸಂಗೀತ ವಿಮರ್ಶೆ ಬಲವಾಗಿದ್ದಿದ್ದರೆ ಈ ವಾದ ಪತ್ರಿಕೆಗಳ ಪುಟಗಳಲ್ಲಿ ಇನ್ನಷ್ಟು ಆಳವಾಗಿ, ಇನ್ನಷ್ಟು ಮೊದಲೇ ನಡೆಯುತ್ತಿತ್ತು.

ಹೊಸ ಶತಮಾನದ ಚರ್ಚೆ ಮತ್ತೆ ಸಿನಿಮಾದ ಕಡೆಗೆ ಹೊರಳಿತು. 2006ರ ಡಿಸೆಂಬರ್ 29ರಂದು ಬಿಡುಗಡೆಯಾದ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ಸಂಯೋಜಿಸಿ, ಸೋನು ನಿಗಮ್ ಹಾಡಿದ ‘ಅನಿಸುತಿದೆ’ ರಾಜ್ಯದ ಮೂಲೆಮೂಲೆಯಲ್ಲಿ ಕೇಳಿಸಿತು. ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುವ ಹುಡುಗರ ಮೊಬೈಲಿಗೂ ಅದು ಬಂತು. ಕಥೆಗಾರರಾಗಿ ಹೆಸರಾದವರು ಸಿನಿಮಾ ಹಾಡಿಗೆ ಇಳಿದದ್ದನ್ನು ಸಾಹಿತ್ಯಲೋಕ ಕುತೂಹಲದಿಂದ ನೋಡಿತು. ಸವೆದ ಪ್ರಾಸಗಳ ನಡುವೆ ತಾಜಾ ಮಾತು ಬಂತೆಂದು ಬಹಳಷ್ಟು ಜನ ಸ್ವಾಗತಿಸಿದರು. ಪರಭಾಷೆಯ ಗಾಯಕರ ಉಚ್ಚಾರಣೆ, ಇಲ್ಲಿನ ಗಾಯಕರಿಗೆ ಕಡಿಮೆಯಾದ ಅವಕಾಶಗಳ ಬಗ್ಗೆ ಅಸಮಾಧಾನವೂ ಎದ್ದಿತು. ಉಚ್ಚಾರಣೆಯ ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರು, ಮೈಸೂರಿನ ಗಾಯಕರು ಉತ್ತರ ಕರ್ನಾಟಕದ ಪದಗಳನ್ನು ಹಾಡುವಾಗಲೂ ಅದೇ ಪ್ರಶ್ನೆಯನ್ನು ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು.

ಗಾಯಕ ರಘು ದೀಕ್ಷಿತ್ ಅವರ ಅನುಭವ ಮಾತಿಗೇ ಕಿವಿಗೊಡುವ ಇಲ್ಲಿನ ಪ್ರತಿಕ್ರಿಯೆಗೆ ತದ್ವಿರುದ್ಧ. 2008ರಲ್ಲಿ ವಿಶಾಲ್–ಶೇಖರ್ ಹೊರತಂದ ಅವರ ಮೊದಲ ಆಲ್ಬಂನಲ್ಲಿ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಗಿಟಾರು, ಪಿಟೀಲುಗಳ ಜೊತೆ ಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರ ತಂಡ ನುಡಿಸಿತು. 2011ರಲ್ಲಿ ಲಂಡನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಕನ್ನಡ ಬಾರದ ಆ ಕೇಳುಗರಿಗೆ ಸಿಕ್ಕಿದ್ದು ಕಂಠ, ಲಯ, ವೇದಿಕೆಯ ಉತ್ಸಾಹ. ಹುಕ್ಕಾದ ನೆಪದಲ್ಲಿ ದೇಹ, ಮನಸ್ಸುಗಳ ಮಾತಾಡುವ ತತ್ವ ಅವರಿಗೆ ದೂರವೇ ಉಳಿಯಿತು. ಅಲ್ಲಿ ದನಿಗೆ ವಿಮರ್ಶೆ ಸಿಕ್ಕಿತು, ಮಾತಿಗೆ ಸಿಗಲಿಲ್ಲ. ಇಲ್ಲಿ ಮಾತಿಗೆ ಸಿಕ್ಕಿತು, ದನಿಗೆ ಸಿಗಲಿಲ್ಲ.

ಎರಡನ್ನೂ ಬಲ್ಲ ಕೇಳುಗರು ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಭಜನಾ ಮೇಳಗಳಲ್ಲಿ ಇಂದಿಗೂ ಇದ್ದಾರೆ. ಕನ್ನಡ ಪತ್ರಿಕೆಗಳ ಸಂಪಾದಕರು ಹೊಸ ಭಾವಗೀತೆಯ ಆಲ್ಬಂ ಬಂದಾಗ ವರದಿಯ ಬದಲು ವಿಮರ್ಶೆ ಬರೆಸಬೇಕು. ಧಾಟಿ, ಲಯ, ಉಚ್ಚಾರ, ಉಸಿರುಗಳನ್ನು ಹೆಸರು ಹಿಡಿದು ಹೇಳುವ ಬರಹಗಾರರನ್ನು ಬೆಳೆಸಬೇಕು. ಕಲಬುರಗಿಯ ಆಕಾಶವಾಣಿ ಮತ್ತು ವಿಶ್ವವಿದ್ಯಾಲಯ ಕೂಡಿ, ಅಚ್ಚಾಗಿರುವ ತತ್ವಪದ ಸಂಪುಟಗಳ ಜೊತೆಗಿಟ್ಟು ಕೇಳುವಂತೆ ಈ ಮೇಳಗಳ ಗಾಯನವನ್ನು ಧ್ವನಿಮುದ್ರಿಸಿ, ಹಾಡುವವರು ಹೇಳುವ ಅರ್ಥದ ಸಮೇತ ಎಲ್ಲರಿಗೂ ಸಿಗುವಂತೆ ಇಡಬೇಕು. ಹಾಡುವವರಿಗೆ ವಯಸ್ಸಾಗುತ್ತಿದೆ, ಈ ಕೆಲಸ ಈಗಲೇ ಆಗಬೇಕು.